ಎದೆಮಟ್ಟದ ಯಜಮಾನರು

ಈ ಊರಲ್ಲಿ ಎತ್ತರದ ಗಂಡಸರಿಗೆ ಹೆಣ್ಣು ಸಿಗುವುದಿಲ್ಲ. ಆರಡಿ ಹುಡುಗ ಹೆಣ್ಣು ನೋಡಲು ಬಂದರೆ ಪಾಪ ಅಂತ ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿಬಿಡುತ್ತಾರೆ. ಗಿಡ್ಡಗಿದ್ದು, ಕುತ್ತಿಗೆ ಇದೆಯೋ ಇಲ್ಲವೋ ಅಂತ ಹುಡುಕಬೇಕಾದಂಥ ಗಂಡು ಬಂದರೆ ಮಾತ್ರ ಒಳಗಿನಿಂದ ಕೇಸರಿಬಾತು ಬರುತ್ತದೆ. ಯಾಕೆಂದರೆ ಇಲ್ಲಿ ಮನೆತನದ ಮರ್ಯಾದೆಯನ್ನು ಅಳೆಯುವುದು ಮಳೆಗಾಲದ ನೀರಿನಿಂದ, ನೀರನ್ನು ಅಳೆಯುವುದು ಯಜಮಾನನ ಮೈಯಿಂದ.

ಬೀದಿಗೆ ನೀರು ನುಗ್ಗಿದಾಗ ಮನೆಯ ಯಜಮಾನ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಲ್ಲಬೇಕು. ಹಿಮ್ಮಡಿ ಮುಳುಗಿದರೆ ಬಾಗಿಲ ತೋಳಿಗೆ ಕೆಮ್ಮಣ್ಣಿನ ಒಂದು ಪಟ್ಟೆ, ಮೊಣಕಾಲಿಗೆ ಎರಡು, ಸೊಂಟಕ್ಕೆ ಮೂರು, ಎದೆಗೆ ನಾಲ್ಕು, ಕುತ್ತಿಗೆಗೆ ಐದು. ಪಟ್ಟೆ ಸಮಿತಿಯ ಪಂಚರು ಬಂದು ನೋಡಿ ಪಟ್ಟೆ ಬಳಿಯುವವರೆಗೆ ಅವನು ಜಾಗ ಬಿಡುವ ಹಾಗಿಲ್ಲ, ಬೀದಿಗೆ ಬೆನ್ನು ಹಾಕುವ ಹಾಗಿಲ್ಲ. ಬೇರೆ ಯಾರೂ ಆ ಹೊತ್ತಿನಲ್ಲಿ ಹೊಸ್ತಿಲು ತುಳಿಯುವ ಹಾಗಿಲ್ಲ. ತಪ್ಪಿದರೆ ಹಳೆಯ ಪಟ್ಟೆಗಳನ್ನೂ ಒರೆಸಿಹಾಕುತ್ತಾರೆ. ಬಾಗಿಲಲ್ಲಿ ಎಷ್ಟು ಪಟ್ಟೆಯೋ ಅಷ್ಟನ್ನು ಯಜಮಾನ ತನ್ನ ಬೆತ್ತದ ಮೇಲೂ ಬಳಿದುಕೊಂಡು ತಿರುಗುತ್ತಾನೆ. ಎರಡು ಪಟ್ಟೆ ಬಂದರೆ ಒಂದು ಪಟ್ಟೆ ಏಳಬೇಕು, ಮೂರು ಬಂದರೆ ಎರಡು. ಐದು ಪಟ್ಟೆ ಬಂದರೆ ಯಾರೇ ಆಗಲಿ ಎದ್ದು ಕೈ ಮುಗಿಯಬೇಕು, ಅವರು ಕೂತ್ಕೊಳಿ ಅನ್ನುವವರೆಗೆ ಕೂರಬಾರದು. ಐದು ಪಟ್ಟೆಯ ಮನೆ ಊರಿಗೆಲ್ಲ ಒಂದೇ. ಆ ಮನೆಯ ಯಜಮಾನರು ಐದನೇ ಪಟ್ಟೆ ಬಳಿಸಿಕೊಂಡ ದಿನವೇ ನೀರು ಕುಡಿದು ತೀರಿಕೊಂಡರು. ಎಂಥ ಸಾವು ಅಂತ ಊರವರಿಗೆಲ್ಲ ಇವತ್ತಿಗೂ ಅವರ ಮೇಲೆ ಹೊಟ್ಟೆಕಿಚ್ಚು. ಬೆತ್ತ ಈಗ ಅವರ ಮೊಮ್ಮಗನ ಕೈಯಲ್ಲಿದೆ. ಅದರ ಟಕ್ ಟಕ್ ಕೇಳಿದರೆ ಸಾಕು, ಹೇರ್ ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರೂ ಎದ್ದು ನಿಲ್ಲುತ್ತಾರೆ.

ನಾನು ಡಿಗ್ರಿ ಓದಲು ಈ ಊರಿಗೆ ಬಂದು ದೊಡ್ಡಪ್ಪನ ಮನೆಯಲ್ಲಿದ್ದೇನೆ. ನಮ್ಮಪ್ಪನ ಊರಿಗೆ ನೀರೇ ಬರುವುದಿಲ್ಲ, ಹಾಗಾಗಿ ಇಲ್ಲಿನವರ ಕಣ್ಣಲ್ಲಿ ನಾವು ಮನುಷ್ಯರ ಲೆಕ್ಕಕ್ಕೇ ಇಲ್ಲ. ದೊಡ್ಡಪ್ಪನ ಹೆಸರು ಪರ್ವತಯ್ಯ. ಎತ್ತರ ನನ್ನ ಕಿವಿಯವರೆಗೆ. ಮೂರು ಪಟ್ಟೆ. ಪಕ್ಕದ ಮನೆಯ ಷಡಕ್ಷರಿಯವರದೂ ಮೂರು ಪಟ್ಟೆ, ಆದರೆ ಅವರು ತೆಂಗಿನ ಮರದ ಹಾಗೆ ಉದ್ದ. ಅಷ್ಟು ಉದ್ದದ ಮನುಷ್ಯನಿಗೆ ಸೊಂಟದವರೆಗೆ ನೀರು ಬಂತು ಅಂದರೆ ಪಕ್ಕದಲ್ಲೇ ಇರುವ ದೊಡ್ಡಪ್ಪನಿಗೆ ಎಲ್ಲಿವರೆಗೆ ಬರಬೇಕಿತ್ತು? ಈ ಪ್ರಶ್ನೆಯನ್ನು ಊರಲ್ಲಿ ಯಾರೂ ಕೇಳುವುದಿಲ್ಲ. ನಾನು ಬಂದ ಹೊಸದರಲ್ಲಿ ದೊಡ್ಡಮ್ಮನನ್ನು ಇನ್ನೊಂದು ಕೇಳಿದ್ದೆ. ನಾನು ಊರಿಗೆ ಬಂದದ್ದು ನೀರು ಇಳಿದ ಮಾರನೇ ದಿನ, ಇಡೀ ಬೀದಿ ಗೋಡೆಗೆ ಸುಣ್ಣ ಹೊಡೆಯುತ್ತಿತ್ತು. ಸುಣ್ಣದ ಕೆಳಗೆ ಕೆಸರಿನ ಗೆರೆ ಮೊಣಕಾಲೆತ್ತರಕ್ಕೇ ನಿಂತಿತ್ತು.

"ಗೋಡೆ ಮೇಲೆ ಮೊಣಕಾಲು, ಬಾಗಿಲ ಮೇಲೆ ಸೊಂಟ. ಅದು ಹೇಗೆ ದೊಡ್ಡಮ್ಮ?"

ದೊಡ್ಡಮ್ಮ ಹುರುಳಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. "ನಿಮ್ಮ ದೊಡ್ಡಪ್ಪನ ಹೊಸ್ತಿಲ ಪಂಚೆ ಎಷ್ಟು ಅಗಲ ಇದೆ ನೋಡಿದೀಯಾ?"

"ಇಲ್ಲ. ಯಾಕೆ?"

"ಹಾಗೇ ಕೇಳ್ದೆ" ಅಂದರು.

ನೀರು ಬರುವುದು ಯಾವಾಗಲೂ ಶ್ರಾವಣದಲ್ಲಿ. ಈ ವರ್ಷ ಬೇಸಿಗೆಯಲ್ಲೇ ಮಳೆ ಹಿಡಿಯಿತು. ಯುಗಾದಿಯ ಒಬ್ಬಟ್ಟು ಮುಗಿಯುವ ಮೊದಲೇ ಶುರುವಾದದ್ದು ನಿಲ್ಲಲೇ ಇಲ್ಲ. ಮೊದಮೊದಲು ನೆಲ ಖುಷಿಯಿಂದ ಕುಡಿಯಿತು. ಆಮೇಲೆ ಒತ್ತಾಯಕ್ಕೆ ಕುಡಿಯಿತು. ಕಡೆಗೆ ಸಾಕಪ್ಪಾ ಸಾಕು ಅಂತ ಬಾಯಿ ಮುಚ್ಚಿಕೊಂಡಿತು. ಹಿತ್ತಲಲ್ಲಿ ಕಡ್ಡಿ ಚುಚ್ಚಿದರೆ ತೂತಿನಿಂದ ನೀರು ಚಿಮ್ಮುತ್ತಿತ್ತು. ಬಾವಿಗೆ ಹಗ್ಗ ಬೇಕಾಗಿರಲಿಲ್ಲ, ಬಗ್ಗಿ ಚೆಂಬಿನಲ್ಲಿ ಮೊಗೆಯಬಹುದಿತ್ತು. ಕಾಲೇಜು ಮೈದಾನದ ಗೋಲ್ ಕಂಬ ಒಂದು ಬೆಳಿಗ್ಗೆ ತಾನಾಗಿಯೇ ಮಲಗಿತ್ತು. ಬಟ್ಟೆ ಒಣಗಲಿಲ್ಲ, ಹಪ್ಪಳ ಒಣಗಲಿಲ್ಲ, ಎರೆಹುಳಗಳು ಭೂಮಿಯೊಳಗೆ ಉಸಿರು ಕಟ್ಟಿ ನಮ್ಮ ಅಡುಗೆಮನೆಗೆ ಬಂದು ಕೂತವು. ಯೋಚನೆ ಇರುವ ಊರಾಗಿದ್ದರೆ ಇಷ್ಟು ಹೊತ್ತಿಗೆ ಮೂಟೆ ಕಟ್ಟುತ್ತಿತ್ತು. ನಮ್ಮೂರಿನ ಪಟ್ಟೆ ಸಮಿತಿ ಸಭೆ ಸೇರಿ, ಬೇಸಿಗೆಯಲ್ಲಿ ಬಂದ ನೀರಿಗೆ ಪಟ್ಟೆ ಕೊಡಬಹುದೋ ಬಾರದೋ ಅಂತ ಇಡೀ ದಿನ ಚರ್ಚೆ ಮಾಡಿತು. ನೀರಿಗೆ ಕಾಲಭೇದವಿಲ್ಲ ಅಂತ ತೀರ್ಮಾನವಾಯಿತು. ದೊಡ್ಡಪ್ಪ ಸಭೆಯಿಂದ ಬಂದವರೇ ಹೊಸ್ತಿಲ ಪಂಚೆಗೆ ಇಸ್ತ್ರಿ ಹಾಕಿಸಿದರು.

ನಮ್ಮ ಹಿತ್ತಲಲ್ಲಿ ಒಂದು ಮಣ್ಣಿನ ಗೋಡೆಯ ಮನೆಯಿದೆ. ಅಲ್ಲಿ ಬಾಡಿಗೆಗೆ ಗುಲ್ಜಾರ್ ಬೀ ಇದ್ದಾರೆ, ರವಿಕೆ ಹೊಲಿಯುತ್ತಾರೆ. ಗಂಡ ಲಾರಿಯ ಮೇಲೆ ಯಾವುದೋ ರಾಜ್ಯದಲ್ಲಿರುತ್ತಾನೆ. ಮಗಳು ಸಲ್ಮಾ ಹುಣಸೆಕಾಯಿಗೆ ಅಂತ ಸ್ಕೂಲಿನ ಕಾಂಪೌಂಡ್ ಹತ್ತಿ ಬಿದ್ದು ಬಲಗಾಲು ಮುರಿದುಕೊಂಡಿದ್ದಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ಒಂದು ಹನಿ ನೀರೂ ತಾಗಬಾರದು, ತಾಗಿ ಕರಗಿದರೆ ಮೂಳೆ ಸರಿದು ಕಾಲು ಸೊಟ್ಟಗಾಗುತ್ತದೆ ಅಂತ ಡಾಕ್ಟರು ಹೆದರಿಸಿ ಕಳಿಸಿದ್ದರು. ನಮ್ಮ ಮನೆಯ ನೆಲ ಬೀದಿಗಿಂತ ತಗ್ಗು, ಪ್ರತಿ ವರ್ಷ ರಸ್ತೆಗೆ ಟಾರು ಹಾಕಿ ಹಾಕಿ ಬೀದಿಯೇ ಮೇಲೆ ಹೋಗಿದೆ. ಹಿತ್ತಲ ಮನೆ ಅದಕ್ಕಿಂತಲೂ ತಗ್ಗು.

ಒಂದು ಬೆಳಿಗ್ಗೆ ಗುಲ್ಜಾರ್ ಬೀ ಬಂದು ಜಗಲಿಯ ಕೆಳಗೆ ನಿಂತರು. "ಯಜಮಾನ್ರೇ, ಮನೆ ಒಳಗೆ ನೆಲದಿಂದ ನೀರು ಏಳ್ತಾ ಇದೆ. ಹೊಲಿಗೆ ಮಿಷಿನ್ ಕಾಲು ಮುಳುಗಿದೆ."

ದೊಡ್ಡಪ್ಪ ಪೇಪರ್ ಇಳಿಸದೆ ಹೇಳಿದರು. "ನೀರು ನೆಲದಿಂದ ಬರಲ್ಲ ಕಣಮ್ಮ. ಬೀದಿಯಿಂದ ಬರುತ್ತೆ."

"ನೀವೇ ಬಂದು ನೋಡಿ."

"ನೋಡೋದೇನು. ಬೀದಿ ಒಣಗಿದೆ, ನಮ್ಮ ಹೊಸ್ತಿಲು ಒಣಗಿದೆ. ಮಾಲೀಕರಿಗಿಂತ ಮೊದಲು ಬಾಡಿಗೆಯವರಿಗೆ ನೀರು ಬರೋದುಂಟಾ? ಎಲ್ಲೋ ಬಿಂದಿಗೆ ಸೋರ್ತಿರಬೇಕು."

ಗುಲ್ಜಾರ್ ಬೀ ನನ್ನ ಕಡೆ ನೋಡಿದರು. ನಾನು ಹೋಗಿ ನೋಡಿದೆ. ನೆಲದ ಬಿರುಕಿನಿಂದ ನೀರು ಗುಳುಗುಳು ಅಂತ ಏಳುತ್ತಿತ್ತು. ಸಲ್ಮಾ ಹೊಲಿಗೆ ಮೇಜಿನ ಮೇಲೆ ಕಾಲು ಚಾಚಿ ಕೂತು ಬಟನ್ ಡಬ್ಬಿಯಿಂದ ಒಂದೊಂದೇ ಬಟನ್ ತೆಗೆದು ನೀರಿಗೆ ಬಿಡುತ್ತಿದ್ದಳು. "ನೋಡು ಹೈಮಕ್ಕಾ, ಕಪ್ಪುದು ತೇಲುತ್ತೆ, ಬಿಳೀದು ಮುಳುಗುತ್ತೆ" ಅಂದಳು. ಮನೆ ಮುಳುಗುತ್ತಿರುವುದು ಅವಳಿಗೆ ಅಷ್ಟು ಮುಖ್ಯವಾಗಿ ಕಾಣಲಿಲ್ಲ.

ಅದೇ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ ಮೋಡ ಒಡೆಯಿತು. ಅದನ್ನು ಮಳೆ ಅನ್ನಬಾರದು, ಯಾರೋ ಮೇಲಿಂದ ಹಂಡೆ ಬೋರಲು ಹಾಕಿದ ಹಾಗಿತ್ತು. ನೆಲಕ್ಕೆ ಒಂದು ಗುಟುಕೂ ಬೇಡ. ಬಿದ್ದ ನೀರೆಲ್ಲ ಬಿದ್ದ ಕಡೆಯೇ ನಿಂತು, ಕೆರೆಯ ಕಡೆಗೂ ಹೋಗದೆ, ಮೋರಿಯ ಕಡೆಗೂ ಹೋಗದೆ, ಊರ ತುಂಬ ಒಟ್ಟಿಗೇ ಏರತೊಡಗಿತು. ನಮ್ಮ ಬೀದಿ, ಹಿಂದಿನ ಬೀದಿ, ಸಂತೆ ಮೈದಾನ, ಎಲ್ಲಾ ಒಂದೇ. ದೊಡ್ಡಪ್ಪ ಸಾರನ್ನ ಅರ್ಧಕ್ಕೆ ಬಿಟ್ಟು ಎದ್ದರು. ಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಹೊಸ್ತಿಲ ಮೇಲೆ ನಿಂತು ಎರಡೂ ಬಾಗಿಲ ತೋಳುಗಳನ್ನು ಹಿಡಿದುಕೊಂಡರು. ಪಕ್ಕದ ಹೊಸ್ತಿಲ ಮೇಲೆ ಷಡಕ್ಷರಿಯವರೂ ನಿಂತಿದ್ದರು. ಬೀದಿಯುದ್ದಕ್ಕೂ ಒಬ್ಬೊಬ್ಬ ಗಂಡಸು ಬಾಗಿಲಿಗೆ ಹಾಕಿದ ಬೀಗದ ಹಾಗೆ ನಿಂತಿದ್ದ. ಮನೆಯ ಸಾಮಾನು ಮೇಲೆ ಎತ್ತಿಡುವುದು, ಅಕ್ಕಿ ಮೂಟೆ ಎಳೆಯುವುದು, ದನ ಬಿಚ್ಚುವುದು ಎಲ್ಲ ಒಳಗೆ ಹೆಂಗಸರ ಪಾಲು.

"ಏನು ಪರ್ವತಯ್ಯನವರೇ, ಎಷ್ಟಾಯ್ತು?" ಅಂತ ಷಡಕ್ಷರಿ ಕೇಳಿದರು.

"ಮೊಣಕಾಲು ಆಯ್ತಲ್ಲ. ನಿಮ್ಮದು?"

"ನಮ್ಮದೂ ಅಷ್ಟೇ. ನಿಮಗೆ ಮೊಣಕಾಲು ಬೇಗ ಸಿಗುತ್ತೆ ಬಿಡಿ. ದೇವರು ಕೊಟ್ಟ ಅನುಕೂಲ."

"ನಿಮಗೆ ಕಾಲು ಉದ್ದ ಕೊಟ್ಟಿದಾನಲ್ಲ, ಓಡಿಹೋಗೋಕೆ ಅನುಕೂಲ. ಹೋಗಿ ಬೇಕಾದ್ರೆ."

"ಈ ಸಲ ನಾಲ್ಕು ಪಟ್ಟೆ ಆಗದೆ ನಾನು ಕದಲಲ್ಲ."

"ನೀವು ಕದಲೋವರೆಗೂ ನಾನು ಕದಲಲ್ಲ."

ನಾನು ಹಿಂದಿನಿಂದ ನೋಡುತ್ತಲೇ ಇದ್ದೆ. ದೊಡ್ಡಪ್ಪ ನಿಧಾನಕ್ಕೆ, ಬಲು ನಿಧಾನಕ್ಕೆ, ಗಡಿಯಾರದ ಮುಳ್ಳಿನ ಹಾಗೆ ಕೆಳಗಿಳಿಯುತ್ತಿದ್ದರು. ಮೊಣಕಾಲು ಮಡಿಸಿ ಕುಕ್ಕರಗಾಲಲ್ಲಿ ಕೂತರು. ಅಗಲದ ಪಂಚೆ ತಾವರೆ ಎಲೆಯ ಹಾಗೆ ಸುತ್ತ ಹರಡಿ ಕಾಲು ಕಾಣದಂತೆ ಮುಚ್ಚಿಕೊಂಡಿತು. ಕೆಸರು ನೀರು ಎದೆಗೆ ಮುಟ್ಟಿತು. ಆಮೇಲೆ ಗಂಭೀರವಾಗಿ ಗಂಟಲು ಸರಿಮಾಡಿಕೊಂಡು "ಎದೆ" ಅಂತ ಬೀದಿಗೆ ಕೇಳುವ ಹಾಗೆ ಕೂಗಿದರು. ಪಕ್ಕದಿಂದಲೂ "ಎದೆ" ಅಂತ ಬಂತು. ಎದುರುಮನೆಯಿಂದ, ಮೂಲೆಮನೆಯಿಂದ, ಬೀದಿಯ ತುದಿಯಿಂದ, ಎದೆ, ಎದೆ, ಎದೆ. ಊರಿನ ಮರ್ಯಾದಸ್ಥರೆಲ್ಲ ಮೊಣಕಾಲು ನೀರಿನಲ್ಲಿ ಕೊಕ್ಕೊಕ್ಕೋ ಅನ್ನದ ಕೋಳಿಗಳ ಹಾಗೆ ಕಾವು ಕೂತಿದ್ದರು. ಆವತ್ತು ನನಗೆ ಗೋಡೆಯ ಗೆರೆ ಅರ್ಥವಾಯಿತು, ಪಂಚೆಯ ಅಗಲವೂ ಅರ್ಥವಾಯಿತು.

ಅವರ ಬೆನ್ನ ಹಿಂದೆ ನಮ್ಮ ನಡುಮನೆಯಲ್ಲಿ ನೀರು ನನ್ನ ಸೊಂಟಕ್ಕೆ ಬಂದಿತ್ತು. ಅದು ಯಾರ ಲೆಕ್ಕಕ್ಕೂ ಇಲ್ಲ, ಯಾಕೆಂದರೆ ನಾನು ಯಜಮಾನನಲ್ಲ. ಹಿತ್ತಲಿಂದ ಗುಲ್ಜಾರ್ ಬೀ ಕೂಗಿದರು. ದೊಡ್ಡಮ್ಮ ಸೆರಗು ಬಿಗಿದು, ಅಟ್ಟದಿಂದ ದೊಡ್ಡ ತಾಮ್ರದ ಕೊಪ್ಪರಿಗೆ ಇಳಿಸಿದರು. ಮದುವೆ ಮುಂಜಿಗೆ ಬಿಸಿನೀರು ಕಾಯಿಸುವ ಕೊಪ್ಪರಿಗೆ ಅದು. ನೀರಿನ ಮೇಲಿಟ್ಟರೆ ಸುಮ್ಮನೆ ತೇಲಿತು. ಅದನ್ನು ತಳ್ಳಿಕೊಂಡು ಹಿಂದಕ್ಕೆ ಹೋದೆವು. ಗುಲ್ಜಾರ್ ಬೀಗೆ ಕುತ್ತಿಗೆಯವರೆಗೆ ನೀರು. ಅವರು ಕುಕ್ಕರಗಾಲಲ್ಲಿ ಇರಲಿಲ್ಲ. ತುದಿಗಾಲ ಮೇಲೆ ನಿಂತಿದ್ದರು. ತಲೆಯ ಮೇಲೆ ಎರಡೂ ಕೈಯಲ್ಲಿ ಮಗಳನ್ನು ಎತ್ತಿ ಹಿಡಿದಿದ್ದರು, ಮಗಳು ತನ್ನ ಪ್ಲಾಸ್ಟರ್ ಕಾಲನ್ನು ಎತ್ತಿ ಹಿಡಿದಿದ್ದಳು.

"ಕೈ ಸೋತೋಗಿದೆ ಅಕ್ಕಾ" ಅಂದರು ಗುಲ್ಜಾರ್ ಬೀ.

ಸಲ್ಮಾಳನ್ನು ಕೊಪ್ಪರಿಗೆಯಲ್ಲಿ ಕೂರಿಸಿದೆವು. ಕಾಲು ಫಿರಂಗಿಯ ಹಾಗೆ ಮುಂದಕ್ಕೆ ಚಾಚಿತ್ತು. ಅದರ ಮೇಲೆ ನನ್ನ ರೇನ್‌ಕೋಟು ಹೊದಿಸಿದೆ. ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುವ ಹಾಗಿರಲಿಲ್ಲ, ಆ ಕಡೆ ಕೆರೆಯ ಕಾಲುವೆ ಭೋರ್ ಅನ್ನುತ್ತಿತ್ತು. ಅಟ್ಟಕ್ಕೆ ಹತ್ತಿಸೋಣವೆಂದರೆ ಪ್ಲಾಸ್ಟರ್ ಕಾಲಲ್ಲಿ ಏಣಿ ಹತ್ತಲಾಗದು. ಅದಲ್ಲದೆ ನೆನೆದ ಗೋಡೆಗಳಿಂದ ಹೆಂಟೆ ಹೆಂಟೆ ಮಣ್ಣು ನೀರಿಗೆ ಬೀಳುತ್ತಿತ್ತು. ಮಗುವನ್ನು ದಿಬ್ಬದ ಮೇಲಿನ ಸ್ಕೂಲಿಗೆ ಸೇರಿಸಬೇಕು ಅಂದರೆ ಒಂದೇ ದಾರಿ, ಮುಂಬಾಗಿಲು. ಆ ಬಾಗಿಲಲ್ಲಿ ನಾಲ್ಕನೇ ಪಟ್ಟೆಗಾಗಿ ಕಾಯುತ್ತ ನಮ್ಮ ದೊಡ್ಡಪ್ಪ ಕೂತಿದ್ದರು.

ಕೊಪ್ಪರಿಗೆ ಅವರ ಬೆನ್ನಿಗೆ ಡಬ್ ಅಂತ ತಾಗಿತು.

"ಏಳ್ರಿ, ದಾರಿ ಬಿಡಿ" ಅಂದರು ದೊಡ್ಡಮ್ಮ.

"ಹಿಂದಕ್ಕೆ ತಿರುಗಿ ಮಾತಾಡೋ ಹಾಗಿಲ್ಲ ನಾನು. ಏನಿದ್ರೂ ಆಮೇಲೆ."

"ತಿರುಗಬೇಡಿ. ಎದ್ದು ಪಕ್ಕಕ್ಕೆ ಸರಿದ್ರೆ ಸಾಕು. ಮಗು ಇದೆ."

"ಪಂಚರು ಆ ತಿರುವಲ್ಲಿ ಬಂದ್ರು ಕಣೇ. ಇನ್ನೊಂದು ಸ್ವಲ್ಪ ಹೊತ್ತು."

"ಹಿಂದುಗಡೆ ಗೋಡೆ ಕುಸೀತಾ ಇದೆ ರೀ."

"ಕುಸೀಲಿ, ಕಟ್ಟಿಸೋಣ. ಪಟ್ಟೆ ಹೋದ್ರೆ ಯಾವ ಮೇಸ್ತ್ರಿ ಕಟ್ಟಿಕೊಡ್ತಾನೆ?"

ಪಕ್ಕದಿಂದ ಷಡಕ್ಷರಿಯವರ ದನಿ ಬಂತು. ಎಷ್ಟು ಪ್ರೀತಿ ತುಂಬಿತ್ತು ಅಂದರೆ ಕೇಳಿದರೆ ಕಪಾಳಕ್ಕೆ ಹೊಡೆಯಬೇಕು ಅನ್ನಿಸುವಷ್ಟು. "ಎದ್ದುಬಿಡಿ ಪರ್ವತಯ್ಯನವರೇ. ಮಗು ಅಂತಿದಾರೆ. ಯಾರೂ ಏನೂ ಅಂದುಕೊಳ್ಳಲ್ಲ."

ಅಷ್ಟು ಸಾಕಾಯಿತು. ದೊಡ್ಡಪ್ಪ ಬಾಗಿಲ ತೋಳುಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ಹಿತ್ತಲ ಮನೆಯ ಗೋಡೆ ಬಿತ್ತು. ಸದ್ದು ದೊಡ್ಡದೇನೂ ಬರಲಿಲ್ಲ, ಎಮ್ಮೆ ಮಲಗಿದ ಹಾಗೆ ಧೊಪ್ ಅಂದಿತು ಅಷ್ಟೇ. ಆದರೆ ಅದರ ಅಲೆ ಅಡುಗೆಮನೆ ದಾಟಿ ನಡುಮನೆ ದಾಟಿ ಬಂದು ಕೊಪ್ಪರಿಗೆಯನ್ನು ಓಲಾಡಿಸಿತು. ಸಲ್ಮಾ ಮೊದಲ ಸಲ ಅತ್ತಳು. ರೇನ್‌ಕೋಟು ಜಾರಿತು. ಗುಲ್ಜಾರ್ ಬೀ ತನ್ನ ಮನೆ ಬಿದ್ದ ಕಡೆ ತಿರುಗಿಯೂ ನೋಡದೆ ಮಗಳ ಕಾಲನ್ನು ಹಿಡಿದರು. ದೊಡ್ಡಪ್ಪನ ಬೆನ್ನು ಅಲೆಗೆ ಒಂದು ಸಲ ಮುಂದಕ್ಕೆ ವಾಲಿ, ಮತ್ತೆ ತನ್ನ ಜಾಗಕ್ಕೆ ಬಂತು.

ಆ ಹೊತ್ತಿಗೆ ಪಂಚರ ಹರಿಗೋಲು ಬಂತು. ಊರಿಗಿರುವುದು ಅದೊಂದೇ ಹರಿಗೋಲು. ಬೇರೆ ಊರಲ್ಲಾದರೆ ಅದರಲ್ಲಿ ಮುಳುಗುವವರನ್ನು ಕೂರಿಸುತ್ತಾರೆ. ನಮ್ಮಲ್ಲಿ ಪಂಚರನ್ನು ಕೂರಿಸುತ್ತಾರೆ. ಹಿರಿಯ ಪಂಚ ಮೂಡಲಗಿರಿಯಪ್ಪ ಛತ್ರಿ ಹಿಡಿದು ಕೂತಿದ್ದರು, ಇನ್ನೊಬ್ಬ ಪಂಚ ಕೆಮ್ಮಣ್ಣಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡಿದ್ದ. ಹರಿಗೋಲಿನ ದುರ್ಗಪ್ಪ ಒಳಗೆ ಕೂತು ಹುಟ್ಟು ಹಾಕುವ ಬದಲು, ಪಕ್ಕದಲ್ಲಿ ಮೊಣಕಾಲು ನೀರಿನಲ್ಲಿ ನಡೆಯುತ್ತ ಅದನ್ನು ತಳ್ಳುಗಾಡಿಯ ಹಾಗೆ ತಳ್ಳಿಕೊಂಡು ಬರುತ್ತಿದ್ದ. ಅವನ ಮೊಣಕಾಲು ಊರಿಗೆಲ್ಲ ಕಾಣುತ್ತಿತ್ತು. ಆದರೆ ದುರ್ಗಪ್ಪನಿಗೆ ಹೊಸ್ತಿಲಿಲ್ಲ, ಹಾಗಾಗಿ ಅವನ ಮೊಣಕಾಲು ಸಾಕ್ಷಿಯಲ್ಲ.

"ಎದೆ" ಅಂದರು ದೊಡ್ಡಪ್ಪ.

ಮೂಡಲಗಿರಿಯಪ್ಪ ಕನ್ನಡಕ ಒರೆಸಿ ನೋಡಿದರು. "ಎದೆ ಹೌದು."

"ಮೂಡಲಗಿರಿಯಪ್ಪನವರೇ, ಹರಿಗೋಲು ಬೇಕು" ಅಂದರು ದೊಡ್ಡಮ್ಮ ಹಿಂದಿನಿಂದ. "ಮಗೂನ ಸ್ಕೂಲಿಗೆ ಸೇರಿಸ್ಬೇಕು. ನಡಕೊಂಡು ಹೋಗೋಣ ಅಂದ್ರೆ ದಾರೀಲಿ ಮೋರಿ ಚಪ್ಪಡಿ ಎದ್ದೋಗಿದೆ, ಎಲ್ಲಿ ಬಾಯಿ ತೆರೆದಿದೆಯೋ ಕಾಣಲ್ಲ."

"ಪಟ್ಟೆ ಬಳಿಯೋವರೆಗೂ ಹೊಸ್ತಿಲು ತುಳಿಯೋ ಹಾಗಿಲ್ಲವಲ್ಲಮ್ಮ."

"ಬೇಗ ಬಳೀರಿ ಮತ್ತೆ."

"ಮೊದಲು ಬೀದಿ ಪೂರ್ತಿ ನೋಡ್ಬೇಕು. ಆಮೇಲೆ ತಾಳೆ ಹಾಕ್ಬೇಕು. ಆಮೇಲೆ ಬಳಿಯೋದು. ಪದ್ಧತಿ ಅಂತ ಒಂದಿದೆ."

ದೊಡ್ಡಮ್ಮ ತಗ್ಗಿದ ದನಿಯಲ್ಲಿ ದೊಡ್ಡಪ್ಪನ ಕಿವಿಯ ಹತ್ತಿರ ಬಗ್ಗಿ ಕೇಳಿದರು. "ಕಡೇ ಸಲ ಕೇಳ್ತೀನಿ. ಏಳ್ತೀರೋ ಇಲ್ವೋ?"

ದೊಡ್ಡಪ್ಪ ಎದ್ದಿದ್ದರೆ ಪಂಚೆ ಕಾಲಿಗೆ ಅಂಟಿಕೊಂಡು ನೀರು ಮೊಣಕಾಲಿಗೆ ನಿಂತದ್ದು ಬೀದಿಗೆಲ್ಲ ಕಾಣುತ್ತಿತ್ತು. ಅವರು ಏಳಲಿಲ್ಲ. "ಈ ಮನೆ ಮರ್ಯಾದೆ ಕಣೇ" ಅಂದರು. ಆ ದನಿಯಲ್ಲಿ ಅಳುವಿತ್ತು. ಅದು ಮಗುವಿಗಾಗಿ ಬಂದ ಅಳುವಲ್ಲ ಅಂತ ನನಗೆ ಖಾತ್ರಿಯಿದೆ.

"ಸರಿ, ಅಲ್ಲೇ ಇರಿ" ಅಂದರು ದೊಡ್ಡಮ್ಮ. "ಹೈಮಾ, ತಲೆ ಕಡೆ ಹಿಡಿ. ಗುಲ್ಜಾರ್, ನೀನು ಕಾಲು. ದುರ್ಗಪ್ಪ, ಬಾರಪ್ಪ ಇಲ್ಲಿ, ಕೈ ಚಾಚು."

ದೊಡ್ಡಪ್ಪನ ತಲೆಯ ಮೇಲಿಂದ ಸಲ್ಮಾಳನ್ನು ದಾಟಿಸಿದೆವು. ಕುಕ್ಕರಗಾಲಲ್ಲಿದ್ದುದರಿಂದ ಅವರ ತಲೆಯ ಮೇಲೆ ಬೇಕಾದಷ್ಟು ಜಾಗವಿತ್ತು, ಇದೊಂದು ಉಪಕಾರ ಅವರಿಂದಾಯಿತು. ಪ್ಲಾಸ್ಟರ್ ಕಾಲು ಅವರ ಬೋಳುತಲೆಯನ್ನು ಸವರಿಕೊಂಡು ಹೋಯಿತು. ದುರ್ಗಪ್ಪ ಆ ಕಡೆಯಿಂದ ಮಗುವನ್ನು ಮೀನಿನ ಬುಟ್ಟಿ ಎತ್ತುವ ಹಾಗೆ ಹಗುರವಾಗಿ ಎತ್ತಿಕೊಂಡ. ಗುಲ್ಜಾರ್ ಬೀ ಮುಂದೆ ಬಂದು ತಡವರಿಸಿದರು. "ಯಜಮಾನ್ರೇ, ಹೆಗಲ ಮೇಲೆ ಕಾಲಿಡ್ಬೇಕಾಗುತ್ತೆ."

"ಇಡಮ್ಮ, ಇಡು. ಹೊಸ್ತಿಲು ಮಾತ್ರ ಮುಟ್ಟಬೇಡ" ಅಂದರು ದೊಡ್ಡಪ್ಪ.

ಗುಲ್ಜಾರ್ ಬೀ ದಾಟಿದರು. ಆಮೇಲೆ ನಾನು ದಾಟಿದೆ. ಕಡೆಗೆ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, ಗಂಡನ ಎಡ ಹೆಗಲ ಮೇಲೆ ಒಂದು ಕಾಲು, ಬಲ ಹೆಗಲ ಮೇಲೆ ಒಂದು ಕಾಲು ಇಟ್ಟು, ಅಲ್ಲಿ ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತು, ಬೀದಿಗೆ ಇಳಿದರು. ನೀರು ಅವರ ಮೊಣಕಾಲಿಗೆ ಬಂತು. ಅವರು ಅದನ್ನು ನೋಡಿಕೊಂಡರು, ಪಂಚರೂ ನೋಡಿದರು.

ಕೆಮ್ಮಣ್ಣಿನ ಡಬ್ಬಿಯವನು ಮೂಡಲಗಿರಿಯಪ್ಪನ ಮುಖ ನೋಡಿದ. "ಇದು ಹೊಸ್ತಿಲು ತುಳಿದ ಹಾಗೆ ಆಗುತ್ತಾ ಯಜಮಾನ್ರೇ?"

ಮೂಡಲಗಿರಿಯಪ್ಪ ಕಣ್ಣು ಮುಚ್ಚಿ ಯೋಚಿಸಿದರು. "ಹೊಸ್ತಿಲು ತುಳಿದಿಲ್ಲ. ಯಜಮಾನರನ್ನ ಮಾತ್ರ ತುಳಿದಿದಾರೆ. ದೋಷ ಇಲ್ಲ."

"ಇನ್ನು ಇಳೀರಿ" ಅಂದರು ದೊಡ್ಡಮ್ಮ. "ಮಗು, ಅದರ ಅಮ್ಮ ಇಬ್ಬರು ಕೂರ್ಬೇಕು. ಜಾಗ ಸಾಲಲ್ಲ."

"ಎದೆಮಟ್ಟದ ನೀರಲ್ಲಿ ಹೇಗಮ್ಮ ಇಳಿಯೋದು?"

"ನಾನು ಇಳಿದಿದೀನಲ್ಲ."

ಮೂಡಲಗಿರಿಯಪ್ಪ ದುರ್ಗಪ್ಪನ ಕಡೆ ನೋಡಿದರು. ದುರ್ಗಪ್ಪ ಸಲ್ಮಾಳನ್ನು ಹೆಗಲ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಹರಿಗೋಲಿನ ಅಂಚು ಹಿಡಿದು, ಅದನ್ನು ಸ್ವಲ್ಪ ವಾಲಿಸಿದ. ಪಂಚರಿಬ್ಬರೂ ಇಳಿದರು. ಇಳಿದದ್ದೇ ತಡ, ಯಾರೂ ಹೇಳಿಕೊಡದೆ, ಇಬ್ಬರೂ ಪಕ್ಕಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನೀರು ಎದೆಗೆ ಬಂತು. ಛತ್ರಿ ಹಿಡಿದೇ ಇತ್ತು. ಅವರಿಬ್ಬರು ಬಾತುಕೋಳಿಗಳ ಹಾಗೆ ತೆವಳುತ್ತ ದೊಡ್ಡಪ್ಪನ ಬಾಗಿಲಿಗೆ ನಾಲ್ಕನೇ ಪಟ್ಟೆ ಬಳಿಯುವುದನ್ನು ನಾನು ಹರಿಗೋಲಿನ ಜೊತೆ ನಡೆದು ಹೋಗುತ್ತ ತಿರುಗಿ ತಿರುಗಿ ನೋಡಿದೆ. ಸಲ್ಮಾ ಹರಿಗೋಲಿನಲ್ಲಿ ಅಮ್ಮನಿಗೆ ಒರಗಿ ಕೂತು, ಸಾಲಾಗಿ ಕೂತಿದ್ದ ಯಜಮಾನರನ್ನೆಲ್ಲ ನೋಡಿ, "ಅಮ್ಮೀ, ಇವರೆಲ್ಲ ಯಾಕೆ ಕಕ್ಕಸಿಗೆ ಕೂತಿದಾರೆ?" ಅಂತ ಕೇಳಿದಳು. ದುರ್ಗಪ್ಪನಿಗೆ ನಗು ತಡೆಯಲಾಗದೆ ಹರಿಗೋಲು ಒಂದು ಸುತ್ತು ತಿರುಗಿತು. ಪ್ಲಾಸ್ಟರ್‌ನ ಹಿಮ್ಮಡಿಯ ಹತ್ತಿರ ಮಾತ್ರ ಒಂದಿಷ್ಟು ಒದ್ದೆಯಾಗಿತ್ತು. ಸ್ಕೂಲಿನಲ್ಲಿ ಬಿಸಿಯೂಟದ ಒಲೆಯ ಮುಂದೆ ಕೂರಿಸಿ ಒಣಗಿಸಿದೆವು.

ನೀರು ಇಳಿದ ಮೇಲೆ ಊರು ಎಂದಿನಂತೆ ಗೋಡೆಗೆ ಸುಣ್ಣ ಹೊಡೆಯಿತು. ಷಡಕ್ಷರಿಯವರೂ ನಾಲ್ಕು ಪಟ್ಟೆ ಗೆದ್ದರು, ಆದರೆ ಅಷ್ಟುದ್ದದ ಕಾಲುಗಳನ್ನು ಅಷ್ಟು ಹೊತ್ತು ಮಡಿಸಿದ್ದರಿಂದ ಅವು ಬಿಚ್ಚಲಿಲ್ಲ. ಅವರನ್ನು ಕೂತ ಭಂಗಿಯಲ್ಲೇ ಎತ್ತಿ ಒಳಗೆ ಸಾಗಿಸಿದರು. ಊರ ತುಂಬ ಬಿಸಿ ಉಪ್ಪಿನ ಗಂಟು, ನೀಲಗಿರಿ ಎಣ್ಣೆಯ ವಾಸನೆ. ಮಾತು ಮಾತ್ರ ಎದೆ, ಎದೆ.

ಹಿತ್ತಲ ಮನೆಯ ಒಂದೇ ಒಂದು ಗೋಡೆ ಉಳಿದಿತ್ತು. ಅದರ ಮೇಲೆ ಕೆಸರಿನ ಗೆರೆ ಗುಲ್ಜಾರ್ ಬೀಯ ಗಲ್ಲದ ಎತ್ತರಕ್ಕಿತ್ತು. ದೊಡ್ಡಮ್ಮ ಅವರಿಬ್ಬರನ್ನು ಮುಂದಿನ ರೂಮಿಗೆ ತಂದು ಇರಿಸಿಕೊಂಡರು, ದೊಡ್ಡಪ್ಪನ ಅಪ್ಪಣೆ ಕೇಳಲಿಲ್ಲ. ಮೂಡಲಗಿರಿಯಪ್ಪ ಬಾಗಿಲ ಪಟ್ಟೆ ಒಣಗಿದೆಯೋ ನೋಡಲು ಬಂದಾಗ, ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಆ ಗೋಡೆ ತೋರಿಸಿದರು.

"ಇಲ್ಲಿಗೆ ಎಷ್ಟು ಪಟ್ಟೆ?"

"ಇಲ್ಲಿ ಹೊಸ್ತಿಲ ಮೇಲೆ ಯಾರು ನಿಂತಿದ್ರಮ್ಮ?"

"ಗುಲ್ಜಾರ್ ನಿಂತಿದ್ಲು. ತಲೆ ಮೇಲೆ ಮಗು ಹೊತ್ಕೊಂಡು."

"ಯಜಮಾನ?"

"ಲಾರಿ ಮೇಲೆ."

ಮೂಡಲಗಿರಿಯಪ್ಪ ನೆಮ್ಮದಿಯಿಂದ ಉಸಿರು ಬಿಟ್ಟರು. "ಹಾಗಾದ್ರೆ ಇಲ್ಲಿ ನೀರು ಬಂದಿಲ್ಲ."

ದೊಡ್ಡಪ್ಪ ಹೊಸ ಬೆತ್ತ ತರಿಸಿ ನಾಲ್ಕು ಪಟ್ಟೆ ಬಳಿದುಕೊಂಡರು. ಉಳಿದ ಕೆಮ್ಮಣ್ಣು ಡಬ್ಬಿಯ ತಳದಲ್ಲಿತ್ತು. ಸಲ್ಮಾ ಅದನ್ನು ನೋಡಿ ತನ್ನ ಪ್ಲಾಸ್ಟರ್ ತಟ್ಟಿದಳು. "ನಂಗೂ ಹಾಕು ಹೈಮಕ್ಕಾ."

"ಎಷ್ಟು ಹಾಕ್ಲಿ?"

"ಅಮ್ಮಿಗೆ ಎಲ್ಲಿವರೆಗೂ ಬಂದಿತ್ತು ನೀರು?"

"ಕುತ್ತಿಗೆಗೆ."

"ಅಷ್ಟು ಹಾಕು."

ಬೆರಳಲ್ಲಿ ಅದ್ದಿ ಐದು ಪಟ್ಟೆ ಬಳಿದೆ. ಬಿಳಿ ಪ್ಲಾಸ್ಟರ್ ಮೇಲೆ ಕೆಂಪು ಚೆನ್ನಾಗಿ ಕೂತಿತು. ಒಣಗುವವರೆಗೂ ಅವಳು ಕಾಲನ್ನು ಅಲ್ಲಾಡಿಸಲಿಲ್ಲ.

ಮಾರನೇ ಸಂಜೆ ದೊಡ್ಡಪ್ಪ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಪಕ್ಕದ ಜಗಲಿಯಲ್ಲಿ ಷಡಕ್ಷರಿಯವರು ಮೊಣಕಾಲಿಗೆ ಉಪ್ಪಿನ ಗಂಟು ಕಟ್ಟಿಕೊಂಡು ಕೂತಿದ್ದರು. ನಾನು ದೊಡ್ಡಮ್ಮನ ಜೊತೆ ಬಾಗಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಬೀದಿಯಲ್ಲಿ ಟಕ್, ಟಕ್, ಟಕ್ ಅಂತ ಸದ್ದು ಬಂತು. ಸಲ್ಮಾ ಊರುಗೋಲು ಹಿಡಿದು ಅಂಗಡಿಯಿಂದ ಬರುತ್ತಿದ್ದಳು. ಪೇಪರಿನ ಅಂಚಿನ ಕೆಳಗೆ ದೊಡ್ಡಪ್ಪನಿಗೆ ಕಂಡದ್ದು ಐದು ಕೆಂಪು ಪಟ್ಟೆ ಮಾತ್ರ. ಅವರ ಮೊಣಕಾಲು ಕಟಕಟ ಅಂದಿತು. ಅಯ್ಯಪ್ಪಾ ಅನ್ನುತ್ತ, ಕಂಬ ಹಿಡಿದು, ನಡು ನೆಟ್ಟಗೆ ಮಾಡಿಕೊಂಡು ಅವರು ಪೂರ್ತಿಯಾಗಿ ಎದ್ದು ನಿಂತರು. ಆ ಕಡೆ ಷಡಕ್ಷರಿಯವರೂ ಬಿಚ್ಚದ ಕಾಲು ಬಿಚ್ಚಿಕೊಂಡು ಎದ್ದರು. ಇಬ್ಬರೂ ಕೈ ಮುಗಿದರು. ಆಮೇಲೆ ಕಣ್ಣು ಮೇಲೆತ್ತಿ ನೋಡಿದರು.

ದೊಡ್ಡಮ್ಮನ ಕೈಯಲ್ಲಿ ಬೆಳ್ಳುಳ್ಳಿ ಹಾಗೇ ಉಳಿಯಿತು. "ನೋಡು ಹೈಮಾ" ಅಂದರು, "ಏಳೋಕೆ ಬರುತ್ತೆ ಇವರಿಗೆ."

ಎದ್ದ ಮೇಲೆ ಹಾಗೇ ಕೂರುವ ಹಾಗಿಲ್ಲ. ಎದುರುಮನೆಯವರು ನೋಡುತ್ತಿದ್ದರು, ಮೂಲೆಮನೆಯವರೂ ನೋಡುತ್ತಿದ್ದರು. ಕೂತ್ಕೊಳಿ ಅನ್ನುವ ಅಧಿಕಾರ ಐದು ಪಟ್ಟೆಯವರಿಗೆ ಮಾತ್ರ ಇರುವುದು. ಸಲ್ಮಾ ಇದೇ ಊರಲ್ಲಿ ಹುಟ್ಟಿದವಳು, ಅವಳಿಗೆ ಅದು ಗೊತ್ತಿತ್ತು. ಅವಳು ಜಗಲಿಯ ಮುಂದೆ ನಿಂತಳು. ಊರುಗೋಲನ್ನು ಗೋಡೆಗೆ ಒರಗಿಸಿದಳು. ಅಂಗಡಿಯಿಂದ ತಂದ ಕಡಲೆಮಿಠಾಯಿಯ ಕಾಗದ ಬಿಡಿಸಿ, ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಅವರಿಬ್ಬರನ್ನೂ ನೋಡುತ್ತ ನಿಧಾನವಾಗಿ ಜಗಿಯತೊಡಗಿದಳು.